ನಾಲ್ಕು ಬೆರಳು ದಪ್ಪ ಹುಲ್ಲು

ಉಳ್ಳಾಗಡ್ಡಿ ಸಾಲುಗಳ ನಡುವೆ ಒಣಹುಲ್ಲು ಹೊದಿಸಲು ಸಾವುಕಾರರು ಕೂಲಿ ಹೆಂಗಸರನ್ನು ಕರೆಸಿದ್ದರು. ಬದುವಿನಲ್ಲಿದ್ದ ಒಂದೇ ಒಂದು ಬೇವಿನ ಮರವನ್ನು, ಅದರ ನೆರಳು ಬೆಳೆಯ ಮೇಲೆ ಬೀಳುತ್ತದೆಂದು, ಹೋದ ವರ್ಷವೇ ಕಡಿಸಿ ಹಾಕಿದ್ದರು.

“ನಾಕು ಬೆರಳು ದಪ್ಪ ಹಾಕ್ರಿ. ಕಸ ಏಳಂಗಿಲ್ಲ, ನೆಲ ತಂಪಿರತೈತಿ. ಪೀಕಿಗೆ ಬಿಸಿಲು ಬಡಿದ್ರ ಗಡ್ಡಿ ತುಂಬಂಗಿಲ್ಲ,” ಎಂದು ಕೊಡೆಯ ಕೆಳಗೆ ನಿಂತು ಹೇಳಿದರು.

ಹುಲ್ಲು ಹರವುತ್ತಿದ್ದ ಮುದುಕಿ ತಲೆಯೆತ್ತಿದಳು. “ಸಾವುಕಾರ್ರ, ನಮ್ಮ ಜೋಡಿ ಕೂಲಿಗೆ ಬಂದ ಫಕೀರವ್ವಗ ಎಂಟು ತಿಂಗಳ ತುಂಬ್ಯಾವ. ಬಿಸಿಲಿಗೆ ಕಣ್ಣಿಗೆ ಕತ್ತಲಿ ಬರಾಕತ್ತೈತಿ. ಬದುವಿನ ಮ್ಯಾಲ ಒಂದು ಚಪ್ಪರ ಹಾಕಿಸಿ ಕೊಡ್ರಿ.”

“ನೆರಳಾಗ ಕುಂತ್ರ ಮೈ ಜಡ್ಡ ಬೀಳತೈತಿ, ಹೋಗಬೇ. ನಾಳೆ ಕೃಷಿ ಸಾಹೇಬ್ರು ನೋಡಾಕ ಬರ್ತಾರ. ಲಗೂ ಲಗೂ ಮುಗಸ್ರಿ.”

ಮರುದಿನ ಮಧ್ಯಾಹ್ನ ಅಧಿಕಾರಿ ಬಂದರು. ಒಂದೊಂದೇ ಮಡಿಯನ್ನು ಹೊಗಳುತ್ತ ಹೋದವರು ಕೊನೆಯ ಮಡಿಯ ಮುಂದೆ ನಿಂತುಬಿಟ್ಟರು. ಅದು ಬೋಳಾಗಿತ್ತು.

“ಇದರ ಹುಲ್ಲು ಎಲ್ಲಿ ಹೋಯ್ತು?”

ಸಾವುಕಾರರು ಮುದುಕಿಯ ಮೇಲೆ ಹರಿಹಾಯ್ದರು. “ಏನಬೇ, ಒಯ್ದು ನಿನ್ನ ಎಮ್ಮಿಗೆ ಹಾಕಿದೇನು?”

“ಇಲ್ರಿ ಯಪ್ಪಾ. ನೀವ ಹೇಳಿದಂಗ, ಬಿಸಿಲು ಬಡಿಬಾರದಂತ ತುಂಬು ಪೀಕಿಗೇ ಹೊದಿಸೀವ್ರಿ,” ಎಂದು ಮುದುಕಿ ಬದುವಿನತ್ತ ಕೈ ತೋರಿಸಿದಳು.

ಕಡಿದ ಬೇವಿನ ಬೊಡ್ಡೆಯ ಪಕ್ಕದಲ್ಲಿ, ಮನೆಯಿಂದ ತಂದು ನೆಟ್ಟ ನಾಲ್ಕು ಗಳಗಳ ಮೇಲೆ, ಸರಿಯಾಗಿ ನಾಲ್ಕು ಬೆರಳು ದಪ್ಪದ ಹುಲ್ಲಿನ ಕೆಳಗೆ, ಫಕೀರವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋಗಿದ್ದಳು.