ಹಿಂಡದ ದನಿ

“ಆಟದಲ್ಲಿರೋ ಅಜ್ಜಿ ಮಾತನ್ನ ಹಿಂಡು, ಗಾತ್ರ ಇಳಿಸು. ಗುಂಡಿನ ಸದ್ದು ಮುಟ್ಟಬೇಡ,” ಎಂದ ಮುಖ್ಯಸ್ಥ. “ಬೆರಳು ಒತ್ತಿದ ತಕ್ಷಣ ಢಂ ಅನ್ಬೇಕು. ಹಿಂಡಿದ್ದನ್ನ ಬಿಡಿಸೋಕೆ ಫೋನು ಒಂದು ಗಳಿಗೆ ತಡವರಿಸಿದ್ರೂ ಆಟ ಕೆಟ್ಟಂಗೆ. ಅಜ್ಜಿ ಮಾತು ಯಾರು ಕೇಳ್ತಾರೆ? ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕಲ್ಲ.”

ಮೊಬೈಲ್ ಆಟಗಳಿಗೆ ಶಬ್ದ ಕೂಡಿಸುವ ಅವಳನ್ನು ಕಚೇರಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಸದ್ದಮ್ಮ’ ಎಂದು. ಆಟದ ಗಾತ್ರ ಮಿತಿ ಮೀರಿತ್ತು, ಎಲ್ಲಿಂದಾದರೂ ಕತ್ತರಿಸಲೇಬೇಕು. ಸದ್ದಮ್ಮ ಅಜ್ಜಿಯ ಮಾತನ್ನೆಲ್ಲ ಹಿಂಡಿ ಅತಿ ಚಿಕ್ಕ ಎಂಪಿತ್ರೀ ಕಡತಕ್ಕೆ ಇಳಿಸಿದಳು.

ಮಧ್ಯಾಹ್ನ, ಅಜ್ಜಿಗೆ ದನಿ ಕೊಟ್ಟಿದ್ದ ರಂಗನಟಿ ಅದನ್ನು ಕೇಳಿ ಒಪ್ಪಿಗೆ ಹೇಳಲು ಗಂಡನೊಡನೆ ಬಂದರು. ಕುತ್ತಿಗೆಗೆ ಬಟ್ಟೆ ಸುತ್ತಿದ್ದರು. “ಹೇಗಿದ್ದೀರಿ ಮೇಡಂ?” ಎಂದರೆ ಬರೀ ನಕ್ಕರು.

“ಗಂಟಲಲ್ಲಿ ಗಡ್ಡೆ ಇತ್ತಮ್ಮ. ಧ್ವನಿಪೆಟ್ಟಿಗೇನೇ ತೆಗೆದ್ಬಿಟ್ರು,” ಎಂದರು ಗಂಡ. “ಜೀವ ಉಳೀತು.”

ಸದ್ದಮ್ಮ ಬೇರೆ ದಾರಿ ಕಾಣದೆ ಹಿಂಡಿದ ದನಿಯನ್ನೇ ಹಾಕಿದಳು. ನಟಿ ಕಣ್ಣು ಮುಚ್ಚಿ ಕೇಳಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು. ಗಂಡ ಮಾತ್ರ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

“ಮಾತೆಲ್ಲ ಇವಳದ್ದೇ. ಆದ್ರೆ ಮಾತಿನ ನಡುವೆ ಇವಳು ಉಸಿರೇ ತಗೊಳ್ತಿಲ್ಲವಲ್ಲ?”

ಸದ್ದಮ್ಮ ಎದ್ದು ನೇರ ಮುಖ್ಯಸ್ಥನ ಬಳಿ ಹೋದಳು. “ಅಜ್ಜಿ ಮಾತಿನ ಬದಲು ನನ್ನ ಸಂಗೀತ ಹಿಂಡ್ತೀನಿ. ಎರಡು ಕಿವಿಗೆ ಬೇರೆಬೇರೆಯಾಗಿ ಮಾಡಿದ್ದನ್ನ ಒಂದೇ ಸದ್ದಿಗೆ ಇಳಿಸ್ತೀನಿ.”

“ವರ್ಷವಿಡೀ ತಲೆ ಚಚ್ಕೊಂಡು ಮಾಡಿದ್ದಲ್ವೇ ಅದು? ಮುರುಕು ರೇಡಿಯೋ ಥರ ಕೇಳ್ಸುತ್ತೆ.”

“ಕೇಳ್ಸಲಿ. ನಾನು ಇನ್ನೊಂದು ಮಾಡ್ಕೋಬಲ್ಲೆ.”

ಅವನು ಗಾಜಿನಾಚೆ ಕುಳಿತಿದ್ದ ನಟಿಯನ್ನು ನೋಡಿದ. “ಸರಿ, ಹಿಂಡು,” ಎಂದ.

ಮೂಲದ ದನಿ ಕೇಳಿಸಿದಾಗ ಗಂಡ ಗೋಡೆಯತ್ತ ತಿರುಗಿ ಕುಳಿತರು. ಆಮೇಲೆ ಸಂಕೋಚದಿಂದಲೇ ಕೇಳಿದರು: “ಇದೇ ನನಗೂ ಒಂದು ಸಿಗುತ್ತಾ? ಹಿಂಡದೇ ಇರೋದು?”

ಸದ್ದಮ್ಮ ಕಳಿಸಿದಳು. ಅವರ ಫೋನಿನಲ್ಲಿ ಅಷ್ಟು ಜಾಗವಿರಲಿಲ್ಲ. ಕೆಲವು ಫೋಟೋ ತೆಗೆದುಹಾಕೋಣವೆಂದು ತೆರೆದವರು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದರು. ಎಲ್ಲದರಲ್ಲೂ ಹೆಂಡತಿಯೇ: ವೇಷ ಹಾಕಿದವಳು, ವೇಷ ಕಳಚಿದವಳು, ಬಸ್ಸಿನ ಕಿಟಕಿಗೆ ಒರಗಿ ನಿದ್ದೆಹೋದವಳು.

ನಟಿ ಫೋನು ಕಸಿದುಕೊಂಡು ಒಂದೊಂದಾಗಿ ಅಳಿಸತೊಡಗಿದರು. ತಡೆಯಲು ಗಂಡ ಕೈ ಚಾಚಿದಾಗ, ಆ ಕೈಯನ್ನು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು.