ದಡದಲ್ಲಿಟ್ಟ ಹೂಜಿ

ಫಿನೀಷಿಯನ್ ಕಡಲ ವರ್ತಕರ ಹಡಗಿನಲ್ಲಿ ಕುಡಿಯುವ ನೀರು ಮುಗಿದು ಎಲ್ಲರ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎದುರಿನ ದಡದಲ್ಲಿ ನಡೆಯುವುದು ಮಾತಿಲ್ಲದ ವ್ಯಾಪಾರ. ಇವರು ಮರಳಿನ ಮೇಲೆ ಸರಕಿಟ್ಟು, ಹೊಗೆಯೆಬ್ಬಿಸಿ ಹಡಗಿಗೆ ಹಿಂತಿರುಗಬೇಕು. ಕಾಡಿನವರು ಬಂದು ಪಕ್ಕದಲ್ಲಿ ಚಿನ್ನದ ಪುಡಿ ಇಟ್ಟು ಮರೆಯಾಗುತ್ತಾರೆ. ಚಿನ್ನವನ್ನು ಮುಟ್ಟದಿದ್ದರೆ ಸಾಲದೆಂದು ತಿಳಿದು ಇನ್ನಷ್ಟು ಇಡುತ್ತಾರೆ. ಮುಖ ತೋರಿಸಿದವನಿಗೆ ಬಾಣವೇ ಗತಿ.

ಬೆಳಿಗ್ಗೆ ಇಟ್ಟ ಕೆನ್ನೇರಳೆ ಬಟ್ಟೆಯ ಪಕ್ಕ ಚಿನ್ನ ಹೊಳೆಯುತ್ತ ಬಿದ್ದಿತ್ತು. ಯಾರಿಗೆ ಬೇಕಿತ್ತು ಅದು?

"ಅಣ್ಣಾ, ಕಾಡಿಗೇ ಹೋಗಿ ನೀರು ಕೇಳಿಬಿಡ್ತೀನಿ," ಎಂದ ತಮ್ಮ. ಅವನ ತುಟಿ ಒಡೆದು ರಕ್ತ ಜಿನುಗುತ್ತಿತ್ತು.

"ಬಾಣ ತಿಂದು ಸಾಯ್ತೀಯ, ಸುಮ್ನಿರು," ಎಂದ ಅಣ್ಣ, ಹಡಗಿನ ಯಜಮಾನ ಅಬ್ದೆಶ್ಮೂನ್. "ಬಟ್ಟೆ ಪಕ್ಕ ಖಾಲಿ ಹೂಜಿ ಇಡೋಣ. ಬಾಯಾರಿಕೆ ಅರ್ಥವಾಗದ ಮನುಷ್ಯ ಎಲ್ಲಾದ್ರೂ ಇದ್ದಾನಾ?"

ಹೂಜಿಯಿಟ್ಟು, ಹೊಗೆಯೆಬ್ಬಿಸಿ, ಹಡಗಿನ ಅಂಚು ಹಿಡಿದು ಕಾದರು. ಕಾಡಿನವರು ಬಂದರು, ಹೂಜಿಯ ಮೇಲೆ ಬಗ್ಗಿದರು, ಹೊರಟುಹೋದರು.

ಅಣ್ಣತಮ್ಮಂದಿರು ಸಣ್ಣ ದೋಣಿಯಲ್ಲಿ ದಡಕ್ಕೆ ಬಂದು, ಧುಮುಕಿ ಓಡಿದರು. ಅಬ್ದೆಶ್ಮೂನ್ ಹೂಜಿಗೆ ಕೈಹಾಕಿದ. ಎತ್ತಲಾಗದಷ್ಟು ಭಾರ.

"ತುಂಬಿಸಿದ್ದಾರೆ ಕಣೋ! ಬಾಯಿ ತೆಗಿ!"

ತಮ್ಮ ಮರಳಲ್ಲಿ ಮಲಗಿ ಬಾಯಿ ತೆರೆದ. ಅಣ್ಣ ಅಳುತ್ತಲೇ ಹೂಜಿ ಬಗ್ಗಿಸಿದ.

ಒಡೆದ ತುಟಿಗಳ ಮೇಲೆ ಚಿನ್ನದ ಪುಡಿ ಸುರಿಯಿತು.