ಒಂದು ಹಿಡಿ ನಾರು

ಚೀಲದೊಳಗೆ ಕೈ ಹಾಕಿದ ವಿಂಧ್ಯಾ ಹಾಗೇ ನಿಂತುಬಿಟ್ಟಳು. ಕೋವಿಗೆ ಜಡಿಯುವ ಬಟ್ಟೆಯ ತುಂಡುಗಳು ಇರಲಿಲ್ಲ. ಶಾಮಿಯಾನದಡಿ ಕೂತಿದ್ದ ಅಜ್ಜ ಶಂಕರನಾರಾಯಣರು ಕುರ್ಚಿಯಿಂದ ಎದ್ದರು.

ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಗಾಲದ ಕೋವಿ. ಮದ್ದಿನ ಮೇಲೆ ಏನನ್ನಾದರೂ ತುರುಕಿ ಕೋಲಿನಿಂದ ಜಡಿಯದಿದ್ದರೆ ಗುಂಡು ಹೋದದ್ದೇ ದಾರಿ. ಅಹಮದಾಬಾದಿನ ಹೊರಗಿನ ಆ ಮೈದಾನದಲ್ಲಿ ಬೆಳಗಿನಿಂದ ಸ್ಪರ್ಧೆಗೆ ಬಂದ ಮಕ್ಕಳು ತಂತಮ್ಮ ಮೂಲ ಊರಿನ ನೂರೈವತ್ತು ವರ್ಷ ಹಿಂದಿನ ಬದುಕನ್ನು ಬದುಕಿ ತೋರಿಸುತ್ತಿದ್ದರು. ಅಂದಿನ ಉಡುಪು, ಅಂದಿನ ಒಲೆ, ಅಂದಿನ ಊಟ, ಕೊನೆಗೆ ಗುರಿ. ಯಾರ ಹತ್ತಿರವೂ ಏನನ್ನೂ ಕೇಳುವಂತಿಲ್ಲ, ತಮ್ಮ ಬಿಡಾರದಲ್ಲಿದ್ದದ್ದರಲ್ಲೇ ಸುಧಾರಿಸಬೇಕು. ವಡೋದರಾದ ಮಂಥನ್ ತನ್ನ ಸರದಿ ಮುಗಿಸಿ ಎರಡು ಅಂಕ ಮುಂದಿದ್ದ. ವಿಂಧ್ಯಾಳಿಗೆ ಉಳಿದದ್ದು ಒಂದು ಗುಂಡು, ಐವತ್ತು ಹೆಜ್ಜೆಯಾಚೆ ಒಂದು ಮಡಕೆ.

"ಬಟ್ಟೆ ಎಲ್ಲಿ ಹೋಯ್ತು? ನಿನ್ನೆ ನಾನೇ ಎಣ್ಣೆ ಹಚ್ಚಿ ಇಟ್ಟಿದ್ದೆನಲ್ಲ!" ಎಂದರು ಅಜ್ಜ.

"ಆ ಜಿಡ್ಡಿನ ಚೂರುಗಳಾ?" ಎಂದರು ಪಕ್ಕದಲ್ಲಿದ್ದ ಹೆಂಡತಿ ಶಕುಂತಲಾ. "ದೋಸೆಕಲ್ಲು ಒರೆಸುವ ಬಟ್ಟೆ ಅಂತ ಮಾಡಿದ್ದೆ. ಸೋಪು ಹಾಕಿ ತಿಕ್ಕಿ ಒಣಗಲಿಕ್ಕೆ ಹಾಕಿದ್ದೇನೆ."

"ನಿನ್ನ ಶುಚಿ ಸುಡ್ಲಿ, ಮಾರಾಯ್ತಿ!"

ನಲವತ್ತು ವರ್ಷದಿಂದ ಹೋಟೆಲು ನಡೆಸಿ ಶಂಕರನಾರಾಯಣರು ಇಡೀ ಸ್ಯಾಟಲೈಟ್ ಬಡಾವಣೆಗೆ ಇಡ್ಲಿ ಅಂಕಲ್ ಆಗಿದ್ದರು. ಕುಂದಾಪುರದ ಕಡೆಯ ಗದ್ದೆಯಲ್ಲಿ ಅಪ್ಪನ ಜತೆ ಕೋವಿ ಹಿಡಿದು ಹಂದಿ ಕಾದ ಸುದ್ದಿ ಇಲ್ಲಿ ಯಾರಿಗೆ ಬೇಕು? ಮೊಮ್ಮಗಳಿಗೆ ನೂರು ಸಲ ಹೇಳಿದ್ದರು. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೊಬೈಲು ನೋಡುತ್ತ ಹೂಂಗುಟ್ಟುತ್ತಿದ್ದಳು. ಹೇಳಿ ಏನು ಬಂತು ಎಂದು ಅವರಿಗೆ ಈಗ ಸಂಕಟವಾಯಿತು.

ಅಷ್ಟರಲ್ಲಿ ವಿಂಧ್ಯಾ ತನ್ನ ಒಲೆಯ ಕಡೆ ಓಡಿದಳು. ಬೆಳಿಗ್ಗೆ ಗಂಜಿಗೆ ಚಟ್ನಿ ಅರೆಯಲು ಸುಲಿದಿದ್ದ ತೆಂಗಿನಕಾಯಿಯ ಸಿಪ್ಪೆ ಅಲ್ಲೇ ಬಿದ್ದಿತ್ತು. ನಾರು ಕಿತ್ತಳು, ಅಂಗೈಯಲ್ಲಿ ಉಂಡೆ ಕಟ್ಟಿದಳು, ನಳಿಗೆಗೆ ತುರುಕಲು ಹೋದಳು.

"ರುಕೋ ಬೇಟಾ!" ತೀರ್ಪುಗಾರರು ಕೈ ಎತ್ತಿದರು. ಮಂಥನ್ ಕಿಸಕ್ಕೆಂದ. "ಯೆ ಕ್ಯಾ ಹೈ? ಚರಿತ್ರೆಯ ಪುಸ್ತಕದಲ್ಲಿ ಬಟ್ಟೆ ಅಂತಿದೆಯಲ್ಲ?" ಎಂದು ತೀರ್ಪುಗಾರರು ಕೇಳಿದರು.

ವಿಂಧ್ಯಾ ಹಿಂದಿಯಲ್ಲೇ ಉತ್ತರ ಕೊಟ್ಟಳು. "ಸರ್, ನಮ್ಮ ಅಜ್ಜನ ಊರಲ್ಲಿ ಉಡಲಿಕ್ಕೇ ಬಟ್ಟೆ ಸಾಲುತ್ತಿರಲಿಲ್ಲ. ಕೋವಿಗೆ ಎಲ್ಲಿಂದ ತರುವುದು? ನಾರನ್ನೇ ಜಡಿಯುತ್ತಿದ್ದರು. ಕೋಲು ಮೇಲಕ್ಕೆ ಪುಟಿದರೆ ಸರಿಯಾಗಿ ಕೂತಿತು ಅಂತ ಲೆಕ್ಕ."

ತೀರ್ಪುಗಾರರು ಒಂದು ಎಳೆ ನಾರು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಲೆ ಆಡಿಸಿ ಪಕ್ಕಕ್ಕೆ ಸರಿದರು. ವಿಂಧ್ಯಾ ಗುಂಡು ಹಾಕಿ, ಮೇಲೊಂದಿಷ್ಟು ನಾರು ಜಡಿದಳು. ಕೋಲು ಪುಟಿಯಿತು. ಢಂ ಎಂದಿತು. ಹೊಗೆ ಕರಗಿದಾಗ ಮಡಕೆ ಇದ್ದ ಕಡೆ ಗೂಟ ಮಾತ್ರ ಇತ್ತು.

ಗುರಿಗೆ ಹತ್ತಂಕ, ನಾರಿನ ಉತ್ತರಕ್ಕೆ ಇನ್ನೈದು. ಶಂಕರನಾರಾಯಣರು ಪಂಚೆ ಎತ್ತಿಕಟ್ಟಿ ಶಿಳ್ಳೆ ಹೊಡೆದರು. "ನಾನು ತೊಳೆದದ್ದಕ್ಕೇ ಗೆದ್ದಳು," ಎಂದು ಶಕುಂತಲಾ ಸುತ್ತಲಿದ್ದವರಿಗೆಲ್ಲ ಹೇಳುತ್ತಿದ್ದರು.

ಕಪ್ ಎತ್ತಿಕೊಂಡು ಓಡಿಬಂದ ಮೊಮ್ಮಗಳ ಮಸಿ ಮೆತ್ತಿದ ಕೆನ್ನೆ ಹಿಡಿದು ಅಜ್ಜ ಕೇಳಿದರು, "ಅಲ್ಲ ಮಗಾ, ನಾನು ಹೇಳುವಾಗೆಲ್ಲ ನೀನು ಕೇಳ್ತಾ ಇದ್ಯಾ?"

"ಇಯರ್‌ಫೋನ್ ಒಂದು ಕಿವಿಗೆ ಮಾತ್ರ ಹಾಕ್ತಿದ್ದೆ, ಅಜ್ಜ."